ಭಾನುವಾರದ ಸಹಿಗಳು

ಪರಿಶೀಲನಾ ತಂಡದ ಹಿರಿಯ ಮೇಡಂ ಅವರಿಗೆ,

ನಮಸ್ಕಾರ. ಕಾಲೇಜಿನ ಮಾನ್ಯತೆಗೆಂದು ನೋಡಲು ಬಂದಾಗ ನೀವು ಬೆನ್ನು ತಟ್ಟಿದಿರಲ್ಲ, ಆ ಗ್ರಂಥಾಲಯದ ಅಟೆಂಡರ್ ನಾನು. ಏಳನೇ ತರಗತಿಗೇ ಓದು ಬಿಟ್ಟವನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಓದಲು ಬಂದವರು ಸಹಿ ಮಾಡುವ ರಿಜಿಸ್ಟರ್ ನನ್ನ ಸೋಮಾರಿತನದಿಂದ ವರ್ಷವಿಡೀ ಖಾಲಿ ಇತ್ತು. "ಖಾಲಿ ಪುಟ ಕಂಡರೆ ಮಾನ್ಯತೆಗೆ ಕಲ್ಲು ಬೀಳುತ್ತಪ್ಪಾ, ನೀನೇ ತುಂಬಿಸಿಬಿಡು" ಎಂದರು ನಮ್ಮ ಪ್ರಿನ್ಸಿಪಾಲ್ ಸಾಹೇಬರು. ನಾಲ್ಕು ಬಣ್ಣದ ಪೆನ್ನು ಹಿಡಿದು ಎಲ್ಲ ಸಹಿ ನಾನೇ ಹಾಕಿದೆ. ಗಾಬರಿಯಲ್ಲಿ, ಬಾಗಿಲು ಮುಚ್ಚಿರುವ ಭಾನುವಾರಗಳನ್ನೂ ಬಿಡಲಿಲ್ಲ. ನೀವು ಅದನ್ನೇ ನೋಡಿ, "ರಜೆ ದಿನಾನೂ ಬಾಗಿಲು ತೆಗೀತೀರಾ? ನಿಮ್ಮಂಥೋರು ಎಲ್ಲ ಕಡೆ ಇರಬೇಕು" ಎಂದಿರಿ. ನಾನು ಹೌದೆಂದು ತಲೆಯಾಡಿಸಿದೆ.

ವರದಿಯಲ್ಲಿ ಆ ಹೊಗಳಿಕೆ ಬರೆದಿದ್ದರೆ ದಯವಿಟ್ಟು ಹೊಡೆದುಹಾಕಿ. ಕೆಲಸ ಹೋದರೆ ಹೋಗಲಿ, ಎಲ್ಲವನ್ನೂ ಬರೆಯಿರಿ ಎನ್ನುವ ಧೈರ್ಯ ನನಗಿಲ್ಲ. ಕಾಲೇಜಿನ ಮಕ್ಕಳ ಡಿಗ್ರಿಗೆ ಕುತ್ತು ಬಂದೀತೆಂಬ ಭಯ ಬೇರೆ.

ಮೂರು ಭಾನುವಾರದಿಂದ ನಿಜಕ್ಕೂ ಬಾಗಿಲು ತೆಗೆದು ಕೂರುತ್ತಿದ್ದೇನೆ. ಮೊನ್ನೆ ಒಬ್ಬ ಹುಡುಗಿ ಬಂದು ಎರಡು ಗಂಟೆ ಓದಿ, ಸಹಿ ಎಲ್ಲಿ ಮಾಡಲಿ ಎಂದು ಕೇಳಿದಳು. ಆ ರಿಜಿಸ್ಟರ್ ಕೊಡಲು ನಾಚಿಕೆಯಾಗಿ ಹೊಸ ನೋಟ್‌ಬುಕ್ ಕೊಟ್ಟೆ. ಅದರಲ್ಲಿರುವುದು ಅದೊಂದೇ ಸಹಿ.

ಇಂತಿ,
ನಿಮ್ಮೆದುರು ತಲೆಯಾಡಿಸಿದ ಅಟೆಂಡರ್