ಇಲಿ ಸಾಯಲಿಲ್ಲವೆಂಬ ಒಂದೇ ಸಾಕ್ಷಿ

ಬೆಳೆಗೆ ಹೊಡೆಯುವ ಔಷಧಿಗಳನ್ನು ಪರಿಶೀಲಿಸಿ ಮಾರಾಟಕ್ಕೆ ಒಪ್ಪಿಗೆ ಕೊಡುವ ಅಧಿಕಾರಿಗಳಿಗೆ,

ಮಾನ್ಯರೇ, ನೀವು ಸುರಕ್ಷಿತವೆಂದು ಮುದ್ರೆಯೊತ್ತಿದ ಔಷಧಿಯೊಂದು ಮನುಷ್ಯನ ರೋಗ ತಡೆಯುವ ಶಕ್ತಿಯನ್ನು ಕುಂದಿಸುತ್ತದೆಯೇ ಎಂದು ನಾನು ಬರೆದು ಕೇಳಿ ಹನ್ನೊಂದು ತಿಂಗಳಾಯಿತು. ನಿಮ್ಮಿಂದ ಬಂದದ್ದು ಒಂದೇ ವಾಕ್ಯ: ‘ಸದರಿ ಔಷಧಿಯು ನಿಗದಿತ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿರುತ್ತದೆ.’ ಅದು ತೇರ್ಗಡೆಯಾಯಿತೇ ಎಂದು ನಾನು ಕೇಳಿರಲಿಲ್ಲ. ಯಾವ ಪ್ರಶ್ನೆಗೆ ಉತ್ತರ ಬರೆದು ತೇರ್ಗಡೆಯಾಯಿತು ಎಂದು ಕೇಳಿದ್ದೆ. ಲಕೋಟೆಯಲ್ಲಿ ಕೇಳಿದ್ದಕ್ಕೆ ಉತ್ತರ ಸಿಗದ ಕಾರಣ ಈಗ ಪತ್ರಿಕೆಯ ಮೂಲಕ ಹತ್ತು ಜನರ ಎದುರು ಕೇಳುತ್ತಿದ್ದೇನೆ.

ನಾನು ಕೋಲಾರ ತಾಲ್ಲೂಕಿನ ಹೋಳೂರು ಕಡೆಯವಳು. ಒಂದೂವರೆ ಎಕರೆಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತೇನೆ. ಎರಡು ವರ್ಷದ ಹಿಂದೆ ಪಕ್ಕದ ಟೊಮೆಟೊ ತೋಟಕ್ಕೆ ಹೊಡೆದ ಇದೇ ಔಷಧಿ ಗಾಳಿಗೆ ತೇಲಿ ನಮ್ಮ ಸೊಪ್ಪಿನ ಮೇಲೆ ಬಿತ್ತು. ಹೊಡೆದವರು ಬೇರೆ ಯಾರೂ ಅಲ್ಲ, ನನ್ನ ಗಂಡ ನಂದಕುಮಾರ್. ಪಂಪು ಬೆನ್ನಿಗೆ ಹಾಕಿಕೊಂಡು ಊರವರ ತೋಟಗಳಿಗೆ ಕೂಲಿಗೆ ಔಷಧಿ ಹೊಡೆಯುವುದು ಅವರ ಕಸುಬು. ಹತ್ತು ದಿನ ಆ ಸೊಪ್ಪು ಮುಟ್ಟಲಿಲ್ಲ. ನಡುವೆ ಒಂದು ಹದ ಮಳೆಯೂ ಬಿತ್ತು. ಆಮೇಲೆ ಕೊಯ್ದು ಹಾಕಿದೆ. ಒಂದು ಹುಳುವೂ ಸಾಯಲಿಲ್ಲ, ಎಲ್ಲವೂ ಚೆನ್ನಾಗಿಯೇ ಮೇಯ್ದವು. ಗೂಡು ಕಟ್ಟುವ ಹೊತ್ತಿಗೆ ಸಪ್ಪೆ ರೋಗ ಬಿದ್ದು ನಾಲ್ಕೇ ದಿನದಲ್ಲಿ ಇಡೀ ಬೆಳೆ ಕೊಳೆತುಹೋಯಿತು. ನೋಡಲು ಬಂದ ರೇಷ್ಮೆ ಇಲಾಖೆಯ ಸೊಣ್ಣಪ್ಪನವರು, ಔಷಧಿ ಹುಳುವನ್ನು ಕೊಂದಿಲ್ಲ, ಒಳಗೊಳಗೇ ಸೊರಗಿಸಿರಬಹುದು, ಸೊರಗಿದ ಹುಳು ರೋಗ ತಡೆಯಲಿಲ್ಲ ಎಂದರು. ನನ್ನ ಗಂಡ ಕೊಳೆತ ಹುಳುಗಳನ್ನು ಮಂಕರಿಗೆ ತುಂಬಿ ಗುಂಡಿಗೆ ಹಾಕಿ ಬಂದರು.

ಆಗಲೇ ಅವರಿಗೆ ಒಂದು ಸಲ ಸರ್ಪಸುತ್ತು ಎದ್ದಿತ್ತು. ಮೂವತ್ತೇಳನೆಯ ವಯಸ್ಸಿಗೆ ಎರಡನೆಯ ಸಲವೂ ಎದ್ದಿತು. ಜಾಲಿ ಮುಳ್ಳು ಚುಚ್ಚಿದ ಗಾಯ ಮೂರು ತಿಂಗಳಾದರೂ ಮಾಯಲಿಲ್ಲ. ಕೇಳಿದರೆ ‘ಏಮೀ ಕಾದುಲೇ’ ಎನ್ನುತ್ತಿದ್ದರು. ನಮ್ಮ ಮನೆಮಾತು ತೆಲುಗು. ಏನೂ ಆಗುವುದಿಲ್ಲ ಬಿಡು ಎಂದರ್ಥ. ನಿಮ್ಮ ಕಚೇರಿ ಹೇಳುವುದೂ ಇದೇ ಮಾತು ಎಂದು ನನಗೆ ಆಮೇಲೆ ಗೊತ್ತಾಯಿತು. ಕಳೆದ ವರ್ಷ ನ್ಯುಮೋನಿಯಾ ಆಗಿ ಹದಿನೇಳು ದಿನ ಆಸ್ಪತ್ರೆಯಲ್ಲಿದ್ದರು. ಡಾಕ್ಟರಮ್ಮ ಶುಗರ್ ನೋಡಿದರು, ಟಿಬಿ ನೋಡಿದರು, ಹೆಸರು ಹೇಳಲು ನಾಚುವ ಕಾಯಿಲೆಯನ್ನೂ ನೋಡಿದರು. ಯಾವುದೂ ಇಲ್ಲ. ಏನು ಕೆಲಸ ಎಂದು ಕೇಳಿದರು, ಹೇಳಿದೆ. ಔಷಧಿ ಹೊಡೆದದ್ದರಿಂದಲೇ ಎಂದು ಹೇಳಲಾರೆ, ಅದರಿಂದಲ್ಲ ಎಂದೂ ಹೇಳಲಾರೆ ಎಂದರು. ಇಲಿಗೆ ದಿನಾ ಚೂರು ಚೂರು ಔಷಧಿ ತಿನ್ನಿಸಿ, ಆಮೇಲೆ ಲಸಿಕೆ ಹಾಕಿ, ರೋಗ ತಡೆಯುವ ಶಕ್ತಿ ಹುಟ್ಟುತ್ತದೋ ಇಲ್ಲವೋ ನೋಡುವ ಪರೀಕ್ಷೆ ಇದೆಯಂತೆ. “ಪರೀಕ್ಷೆ ಇದೆಯಮ್ಮ, ಮಾಡಿಸಿ ಅಂತ ಕೇಳೋರಿಲ್ಲ,” ಎಂದರು.

ಕೇಳುವವಳು ನಾನಾದೆ. ನಿಮ್ಮ ಆ ಒಂದು ವಾಕ್ಯವನ್ನು ಕೈಯಲ್ಲಿ ಹಿಡಿದು ನಿಮ್ಮ ಕಚೇರಿಗೇ ಬಂದೆ. ನಿಮ್ಮ ಕೈಕೆಳಗಿನ ಅಧಿಕಾರಿಯೊಬ್ಬರು ಕೂರಿಸಿ, ಮರ್ಯಾದೆಯಾಗಿಯೇ ಕಡತ ತೆಗೆದು ತೋರಿಸಿದರು.

“ನೋಡಮ್ಮ, ಇಲಿಗೆ ಕೊಟ್ಟು ನೋಡಿದಾರೆ. ಸತ್ತಿಲ್ಲ.”

“ಸತ್ತಿಲ್ಲ, ಸರಿ ಸಾರ್. ಆಮೇಲೆ ಆ ಇಲಿಗೆ ಜ್ವರ ಬಂದ್ರೆ ವಾಸಿ ಆಗ್ತದಾ ಅಂತ ನೋಡಿದಾರಾ?”

ಅವರು ಹಾಳೆಗಳನ್ನು ಮುಂದಕ್ಕೆ ತಿರುವಿದರು, ಹಿಂದಕ್ಕೂ ತಿರುವಿದರು. ಕೊನೆಗೆ, “ಆ ಕಾಲಂ ಇದರಲ್ಲಿಲ್ಲ,” ಎಂದರು.

ಮಾನ್ಯರೇ, ಆ ಕಾಲಂ ಯಾಕಿಲ್ಲ? ಸಾವೊಂದೇ ಹಾನಿ ಎಂದು ನಿಮಗೆ ಯಾರು ಕಲಿಸಿದರು? ಮನೆಯ ಬಾಗಿಲು ಕಿತ್ತುಹಾಕಿ, ಕಳ್ಳತನಕ್ಕೂ ತಮಗೂ ಸಂಬಂಧವಿಲ್ಲ ಎನ್ನುವವರನ್ನು ನಮ್ಮೂರ ಪಂಚಾಯ್ತಿಕಟ್ಟೆ ಕೂಡ ಸುಮ್ಮನೆ ಬಿಡುವುದಿಲ್ಲ. ನನ್ನ ಗಂಡನ ಕಾಯಿಲೆಗೆ ಈ ಔಷಧಿಯೇ ಕಾರಣವೆಂದು ನಾನು ಆಣೆ ಮಾಡುತ್ತಿಲ್ಲ, ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ನನಗೆ ಗೊತ್ತಿಲ್ಲದಿದ್ದರೆ ಅದು ಅಜ್ಞಾನ, ನಿಮಗೆ ಗೊತ್ತಿಲ್ಲದಿದ್ದರೆ ಅದು ಪ್ರಮಾಣಪತ್ರ!

ನನ್ನ ಬೇಡಿಕೆ ದೊಡ್ಡದಲ್ಲ. ಈ ಔಷಧಿಗೆ ಡಾಕ್ಟರಮ್ಮ ಹೇಳಿದ ಪರೀಕ್ಷೆ ಮಾಡಿಸಿ. ಫಲಿತಾಂಶ ಏನೇ ಬರಲಿ, ಕನ್ನಡದಲ್ಲಿ ಡಬ್ಬಿಯ ಮೇಲೆ ಅಚ್ಚು ಹಾಕಿಸಿ. ಪರೀಕ್ಷೆ ಮುಗಿಯುವವರೆಗೆ ‘ರೋಗ ತಡೆಯುವ ಶಕ್ತಿಯ ಮೇಲಿನ ಪರಿಣಾಮ ತಿಳಿದಿಲ್ಲ’ ಎಂದಾದರೂ ಬರೆಸಿ. ಔಷಧಿ ಹೊಡೆಯುವವರ ರಕ್ತವನ್ನು ವರ್ಷಕ್ಕೊಮ್ಮೆ ಸರ್ಕಾರವೇ ಪರೀಕ್ಷಿಸಲಿ.

ನನ್ನ ಗಂಡ ಈಗ ವೇಮಗಲ್‌ನ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಕೂರುತ್ತಾರೆ. ಅವರ ಪಂಪನ್ನು ಮೈದುನ ಅಂಜಿ ತೆಗೆದುಕೊಂಡಿದ್ದಾನೆ. ಬೇಡವೆಂದರೂ ಕೇಳಲಿಲ್ಲ, ಅವನಿಗೂ ಸಂಸಾರವಿದೆ. ಮೊನ್ನೆ ಸೋಮವಾರ ಅಂಗಡಿಯಿಂದ ಅದೇ ಔಷಧಿಯ ಹೊಸ ಡಬ್ಬಿ ತಂದು ನನ್ನ ಮುಂದಿಟ್ಟ. “ಅತ್ತಿಗೆ, ನೀನು ಆಫೀಸಿಗೆಲ್ಲಾ ಹೋಗಿ ಬಂದಿದೀಯಲ್ಲ, ಇದು ಹೊಡೆದ್ರೆ ಏನೂ ಆಗಲ್ಲ ತಾನೇ?” ಎಂದು ಕೇಳಿದ. ಡಬ್ಬಿಯನ್ನು ಸುತ್ತ ತಿರುಗಿಸಿ ಓದಿದೆ, ಅದರಲ್ಲೂ ಆ ಕಾಲಂ ಇರಲಿಲ್ಲ. ಅವನು ಡಬ್ಬಿ ತೆಗೆದುಕೊಂಡು ತೋಟಕ್ಕೆ ಹೋದ.

ಇಂತಿ,
‘ತಮ್ಮ ವಿಶ್ವಾಸಿ’ ಎಂದು ಬರೆಯಲು ಕೈ ಬಾರದ
ಚಂದ್ರಕಲಾ ನಂದಕುಮಾರ್