ಯೆಶಿಯ ತೋಳಿನ ಕಡ್ಡಿಗಳು

ಗೊಂಡರ್, ಹಿದಾರ್ ತಿಂಗಳ ೧೪, ಶುಕ್ರವಾರ

ಐದು ವರ್ಷ ಬಸಿರು ತಡೆಯಬೇಕಾದ ಕಡ್ಡಿಗಳನ್ನು ಆರೇ ತಿಂಗಳಿಗೆ ಯೆಶಿಯ ತೋಳಿನಿಂದ ತೆಗೆದೆ. ಹೋದ ಹೆರಿಗೆಯಲ್ಲೇ ಸಾವಿನ ಬಾಯಿಂದ ಬಂದವಳು. ಇನ್ನೊಂದು ಬಸಿರನ್ನು ಅವಳ ಮೈ ತಾಳುವುದಿಲ್ಲ.

"ಆಗಾಗ ಸ್ವಲ್ಪ ರಕ್ತ ಕಾಣುತ್ತೆ, ಅಪಾಯವಿಲ್ಲ ಅಂದಿದ್ದೆನಲ್ಲೇ? ತೆಗೆಸೋದು ಬೇಡ, ರಕ್ತ ನಿಲ್ಲೋಕೆ ಮಾತ್ರೆ ಕೊಡ್ತೀನಿ."

"ಎರಡು ಸಲ ನುಂಗಿದೆ, ನಿಲ್ಲಲಿಲ್ಲ, ಸಿಸ್ಟರ್. ರಕ್ತ ಇದ್ದರೆ ಚರ್ಚಿನೊಳಗೆ ಕಾಲಿಡೋ ಹಾಗಿಲ್ಲ. ತಮ್ಮನ ಮದುವೇಲೂ ಗೋಡೆಯಾಚೆ ನಿಂತಿದ್ದೆ. 'ಅಲ್ಲೇ ಒಂದು ಗುಡಿಸಲು ಹಾಕ್ಕೊ' ಅಂತಾಳೆ ನಾದಿನಿ."

ರೇಗಿತು. ಜೀವಕ್ಕಿಂತ ಪ್ರಾರ್ಥನೆ ಹೆಚ್ಚೇ ಎಂದು ಕೇಳಲು ಹೋದವಳು ಬಾಯಿ ಮುಚ್ಚಿಕೊಂಡೆ. ಮುಟ್ಟಾದ ಭಾನುವಾರ, ಇಷ್ಟೆಲ್ಲ ಓದಿಯೂ, ನಾನು ನಿಲ್ಲುವುದೂ ಆ ಗೋಡೆಯ ಹೊರಗೇ. ಆದರೆ ನನಗದು ತಿಂಗಳಿಗೊಂದೇ ಭಾನುವಾರ. ಅವಳಿಗೆ...