ನನ್ನ ಸೊಸೆ ಜಗಳವಾಡುತ್ತಿಲ್ಲ

ಪೊಲೀಸರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳುವುದನ್ನು ಕಲಿಸುವ ಮಾನ್ಯ ಅಧಿಕಾರಿಗಳೇ,

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದ್ದೇ ನಿಮ್ಮ ಮೊದಲ ತಪ್ಪು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬಾಯಲ್ಲೇ ಹೇಳಿ ಮುಗಿಸೋಣವೆಂದು ನಿಮ್ಮ ಕಚೇರಿಗೆ ಬಂದರೆ, ಬಾಗಿಲಲ್ಲಿ ಕೂತ ಗುಮಾಸ್ತರು ಬಾಯಿಮಾತಿನ ದೂರು ತೆಗೆದುಕೊಳ್ಳುವುದಿಲ್ಲ, ಬರೆದು ತನ್ನಿ ಎಂದರು. ಬರೆದಿದ್ದೇನೆ. ಅವರ ಮೇಜಿನ ಮೇಲಿನ ರಾಶಿ ನೋಡಿದ ಮೇಲೆ ಪತ್ರಿಕೆಗೇ ಕಳಿಸುವುದು ವಾಸಿ ಎನಿಸಿತು. ಊರೇ ಓದಲಿ.

ದೂರು ಇಷ್ಟೇ. ನಿಮ್ಮ ತರಬೇತಿಗೆ ಹೋಗಿ ಬಂದ ಮೇಲೆ ನನ್ನ ಸೊಸೆ ನನ್ನ ಜೊತೆ ಜಗಳವಾಡುತ್ತಿಲ್ಲ.

ನಗಬೇಡಿ. ಅವಳು ಕಾನ್‌ಸ್ಟೆಬಲ್. ಮದುವೆಯಾಗಿ ಬಂದಾಗಿನಿಂದ ನಮ್ಮಿಬ್ಬರಿಗೂ ಪಾತ್ರೆ ಬೋರಲು ಹಾಕುವುದಕ್ಕೊಂದು ಜಗಳ, ಕಿಟಕಿ ತೆಗೆದಿಡುವುದಕ್ಕೊಂದು ಜಗಳ. ಮಗ ನಡುವೆ ಸಿಕ್ಕಿ ಅಪ್ಪಚ್ಚಿ. ಡ್ಯೂಟಿಯಲ್ಲಿ ಯಾರೋ ಕುಡುಕ ಬೈದಿದ್ದರೆ, ಸಾಹೇಬರು ರಜೆ ಕೊಡದಿದ್ದರೆ, ಅದರ ಬಿಸಿಯೆಲ್ಲ ಅಡುಗೆಮನೆಯಲ್ಲಿ ನನ್ನ ಮೇಲೆ ಇಳಿಯುತ್ತಿತ್ತು. ನಾನೇನು ಸುಮ್ಮನಿರುವವಳೇ? ಇಬ್ಬರೂ ಗಂಟಲು ಹರಿದುಕೊಂಡು, ಹೊಟ್ಟೆ ತುಂಬ ಉಂಡು, ಹಾಯಾಗಿ ಮಲಗುತ್ತಿದ್ದೆವು.

ಹೋದ ತಿಂಗಳು ಸೇತುವೆ ಹತ್ತಿರ ಬಸ್ಸು ಮಗುಚಿತಲ್ಲ, ಅಲ್ಲಿಗೆ ಮೊದಲು ಓಡಿದವರಲ್ಲಿ ಇವಳೂ ಒಬ್ಬಳು. ಆ ವಾರವೇ ನಿಮ್ಮಲ್ಲಿಗೆ ಕಳಿಸಿದರು. ಬಲೂನಿನ ಮೇಲೆ ದುಃಖ ಬರೆಸಿ, ಪಿನ್ನು ಚುಚ್ಚಿ ಒಡೆಸಿದಿರಂತೆ. ಬಲೂನು ಒಡೆಯಿತು, ಸರಿ. ದುಃಖ ಎಲ್ಲಿಗೆ ಹೋಯಿತು ಸ್ವಾಮಿ? ಸೂರಿಗೆ ಅಂಟಿಕೊಂಡಿತೇ? ಕಣ್ಣೀರು ಹಾಕದೆ ಮುಗಿಸಿದಳೆಂದು ಇವಳಿಗೆ ಬಹುಮಾನದ ಕಪ್ಪನ್ನೂ ಕೊಟ್ಟಿದ್ದೀರಿ. ಅದರಲ್ಲೀಗ ಬಟ್ಟೆ ಕ್ಲಿಪ್ಪು ಹಾಕಿಟ್ಟಿದ್ದೇನೆ.

ನಿಮ್ಮ ಇನ್ನೊಂದು ಪಾಠವಂತೂ ಅಮೋಘ. ಕೆಲಸದ ಭಾರವನ್ನು ಬೂಟಿನ ಜೊತೆ ಹೊಸ್ತಿಲಾಚೆ ಬಿಟ್ಟು ಮನೆಯೊಳಗೆ ಹೋಗಬೇಕಂತೆ. ನನ್ನ ಸೊಸೆ ಬಹಳ ವಿಧೇಯಳು, ನನಗಲ್ಲ, ಇಲಾಖೆಗೆ. ಬೂಟು ಬಿಚ್ಚಿ ಮೆಟ್ಟಿಲ ಮೇಲೆ ಕೂತರೆ ಕೂತಳೇ. ಭಾರ ಇಳಿಯದೆ ಒಳಗೆ ಬರುವಂತಿಲ್ಲವಲ್ಲ! ಊಟ ಆರಿ ತಣ್ಣಗಾದ ಮೇಲೆ ಬರುತ್ತಾಳೆ, ಮುಖಕ್ಕೊಂದು ಮುಗುಳ್ನಗು ಅಂಟಿಸಿಕೊಂಡು. ಬೆಳಗಾದರೆ ಅದೇ ಬೂಟಿಗೆ ತಾನೇ ಕಾಲು ತೂರಿಸಬೇಕು? ಇದನ್ನು ನಿಮ್ಮಲ್ಲಿ ಯಾರೂ ಯೋಚಿಸಲಿಲ್ಲವೇ?

ತಾಳಲಾರದೆ ಕಳೆದ ವಾರ ಇಸ್ತ್ರಿ ಮಾಡುವಾಗ ಅವಳ ಸಮವಸ್ತ್ರದ ಕಾಲರನ್ನು ಬೇಕಂತಲೇ ಸುಟ್ಟೆ. ಮೊದಲಾಗಿದ್ದರೆ ಮನೆ ಹಾರಿಹೋಗುತ್ತಿತ್ತು. ಅವಳು ಉದ್ದಕ್ಕೆ ಉಸಿರೆಳೆದುಕೊಂಡು, “ನಿಮ್ಮ ಭಾವನೆ ನನಗೆ ಅರ್ಥವಾಗುತ್ತದೆ ಅತ್ತೆ,” ಅಂದಳು. ಜಗಳಕ್ಕೆಂದು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿಬಿಟ್ಟೆ.

ಆ ಸಂಜೆ ನಾನೂ ಹೋಗಿ ಬೂಟಿನ ಪಕ್ಕ ಕೂತೆ. ಏನೇ ಅದು, ಹೇಳು ಅಂದೆ. ಒಳಗೆ ತರಬಾರದಂತೆ ಅತ್ತೆ, ಅಂದಳು.

“ಮನೆ ನನ್ನದು. ಏನು ತರಬೇಕು, ಏನು ತರಬಾರದು ಅಂತ ಹೇಳೋಕೆ ಅವರ್ಯಾರು? ತಗೊಂಡು ಬಾರೇ ಒಳಗೆ.”

ಬಂದಳು. ಅಡುಗೆಮನೆ ನೆಲದ ಮೇಲೆ ಕೂತು ಹೇಳಿದಳು. ಬಸ್ಸಿನ ಸೀಟಿನಡಿ ಸಿಕ್ಕಿಕೊಂಡ ಹೆಂಗಸೊಬ್ಬಳು ಇವಳ ಕೈ ಹಿಡಿದು, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಕೇಳುತ್ತಲೇ ಇದ್ದಳಂತೆ. ಹಾಕಿದ್ದೀರಿ, ಹಾಕಿದ್ದೀರಿ ಎಂದು ಇವಳು ಹೇಳುತ್ತಲೇ ಇದ್ದಳಂತೆ, ಆ ಕೈ ಸಡಿಲವಾಗುವವರೆಗೂ. ಆಮೇಲೆ ಸುದ್ದಿ ಮುಟ್ಟಿಸಲು ಆ ಮನೆಗೆ ಹೋದವಳೂ ಇವಳೇ. ಬಾಗಿಲಿಗೆ ಬೀಗ ಇತ್ತಂತೆ. ಅಷ್ಟು ಹೇಳಿ ಗೊಳೋ ಎಂದು ಅತ್ತಳು. ಇದನ್ನು ಯಾವ ಬಲೂನಿನ ಮೇಲೆ ಬರೆಯಬೇಕಿತ್ತು, ಹೇಳಿ?

ಮಾರನೆಯ ಬೆಳಿಗ್ಗೆ ಸುಟ್ಟ ಕಾಲರು ಹಿಡಿದುಕೊಂಡು ಬಂದು ನನ್ನನ್ನು ಚೆನ್ನಾಗಿ ಝಾಡಿಸಿದಳು. ಅಬ್ಬ, ಜೀವ ಬಂತು.

ಆದರೆ ನಾನು ಒಬ್ಬಳಿಗೆ ಅತ್ತೆ. ಇಡೀ ಠಾಣೆಗೆ ಅತ್ತೆಯಾಗಲು ನನ್ನಿಂದಾಗದು. ಇಂಥದ್ದನ್ನು ಕಂಡು ಬಂದವರನ್ನು ಅಂದೇ, ಡ್ಯೂಟಿ ಸಮಯದಲ್ಲೇ, ಅಂಥದ್ದನ್ನು ತಾವೂ ಕಂಡ ಹಿರಿಯ ಪೊಲೀಸರೊಬ್ಬರ ಎದುರು ಕೂರಿಸಿ. ಬಾಯಿ ಬಿಡುವವರೆಗೂ ಕಾಯಿರಿ. ಅತ್ತರೆ ಅಳಲಿ ಬಿಡಿ. ಹೊಸ್ತಿಲಿನ ಪಾಠವನ್ನು ಕಿತ್ತುಹಾಕಿ. ಉಳಿದ ಬಲೂನುಗಳನ್ನು ನಿಮ್ಮ ಮೊಮ್ಮಕ್ಕಳಿಗೆ ಕೊಡಿ.

ಮುಂದಿನ ತಿಂಗಳು ಹತ್ತನೇ ತಾರೀಖಿನೊಳಗೆ ಉತ್ತರ ಬರಬೇಕು. ಬರೆದೇ ಕೊಡಿ. ಬಾಯಿಮಾತು ನಾನೂ ತೆಗೆದುಕೊಳ್ಳುವುದಿಲ್ಲ.

ಇಂತಿ,
ಇನ್ನೊಂದು ಕಾಲರು ಸುಡಲು ಮನಸ್ಸಿಲ್ಲದ,
ಕಾನ್‌ಸ್ಟೆಬಲ್ ಒಬ್ಬಳ ಅತ್ತೆ